ಅಮ್ಮನ ದಮ್ಮಿಗೆ ಹೈಡ್ರೋಜನ್ ಯಂತ್ರ: 1 ಲಕ್ಷ 65 ಸಾವಿರ ಕೊಡಬಹುದೇ?

ಶಿಡ್ಲಘಟ್ಟದ ರೀಲರ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರದೊಳಗೆ ಒಂದು ನಿರ್ಧಾರಕ್ಕೆ ಬರಬೇಕಾಗಿದೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಓದಿ.

ಮನೆಯ ಹಿತ್ತಿಲಿನಲ್ಲೇ ನಮ್ಮದು ಆರು ಬಿಸಿನೀರಿನ ಬೇಸಿನ್‌ಗಳ ಸಣ್ಣ ಫಿಲೇಚರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಘಟಕ. ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಹರಾಜಿನಲ್ಲಿ ಗೂಡು ಹಿಡಿದು ತರುವುದು, ಬೇಯಿಸಿ ನೂಲು ಬಿಚ್ಚುವುದು, ಇದು ಮೂರು ತಲೆಮಾರಿನ ಕಸುಬು. ಅಮ್ಮ ಹದಿನೆಂಟನೆಯ ವಯಸ್ಸಿನಲ್ಲಿ ಈ ಮನೆಗೆ ಸೊಸೆಯಾಗಿ ಬಂದ ವಾರವೇ ಬೇಸಿನ್ ಮುಂದೆ ಕುಳಿತರಂತೆ. ಈಗ ಅವರಿಗೆ 61. ನಲವತ್ತು ವರ್ಷಕ್ಕೂ ಮೇಲೆ ಕುದಿಯುವ ನೀರಿನ ಆವಿ, ನೀಲಗಿರಿ ಸೌದೆಯ ಹೊಗೆ, ಬೆಂದ ಹುಳುವಿನ ವಾಸನೆ, ಇವುಗಳ ನಡುವೆಯೇ ಉಸಿರಾಡಿದ್ದಾರೆ. ಅವರ ಬಲಗೈ ಬೆರಳುಗಳ ತುದಿ ನೆನೆಹಾಕಿದ ಅವರೆಕಾಳಿನ ಸಿಪ್ಪೆಯಂತೆ ಬಿಳಿಚಿಕೊಂಡು ಸುಕ್ಕುಗಟ್ಟಿದೆ. ಕೆಲಸ ಬಿಡಿ ಎಂದು ಎಷ್ಟು ಹೇಳಿದರೂ, ಎಳೆ ತುಂಡಾದ ಸದ್ದು ಕೇಳಿದರೆ ಎದ್ದು ಹೋಗುತ್ತಾರೆ.

ಮೂರು ವರ್ಷದಿಂದ ಅವರಿಗೆ ದಮ್ಮು. ಮೊದಲು ಮಹಡಿ ಹತ್ತುವಾಗ ಮಾತ್ರ ಏದುಸಿರು ಬರುತ್ತಿತ್ತು. ಈಗ ಒಂದು ಕೊಡ ನೀರು ತಂದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು, ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮುತ್ತಾರೆ. ಪಕ್ಕದ ಕೋಣೆಯಲ್ಲಿ ಮಲಗಿದ ನನಗೆ ಆ ಕೆಮ್ಮು ನಿಂತರೂ ಭಯ, ನಿಲ್ಲದಿದ್ದರೂ ಭಯ. ವೈದ್ಯರು ಎದೆಯ ಎಕ್ಸ್‌ರೇ ನೋಡಿ, ಹೊಗೆಯಿಂದ ಬಂದ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಇರಬಹುದು ಎಂದು ಹೇಳಿ ಕ್ಯಾಪ್ಸೂಲ್ ಬರೆದುಕೊಟ್ಟರು. ಅಮ್ಮ ಅದನ್ನು ರಾತ್ರಿ ಊಟವಾದ ಮೇಲೆ ಒಂದು ದಿನವೂ ತಪ್ಪದೆ ತೆಗೆದುಕೊಳ್ಳುತ್ತಾರೆ. ಆದರೂ ಈ ಚಳಿಗಾಲ ಕಳೆದ ಚಳಿಗಾಲಕ್ಕಿಂತ ಕಷ್ಟವಾಗಿದೆ.

ಕಳೆದ ವಾರ ನಮ್ಮ ಬೀದಿಯ ಕಲ್ಯಾಣ ಮಂಟಪದಲ್ಲಿ ಒಂದು ಆರೋಗ್ಯ ಶಿಬಿರ ಇತ್ತು. ಅಲ್ಲಿ ಹೈಡ್ರೋಜನ್ ಅನಿಲವನ್ನು ಮೂಗಿನ ಮೂಲಕ ಉಸಿರಾಡಿಸುವ ಯಂತ್ರ ಇಟ್ಟಿದ್ದರು. ನೀರಿನಿಂದಲೇ ಹೈಡ್ರೋಜನ್ ಮತ್ತು ಆಮ್ಲಜನಕ ತಯಾರಿಸುತ್ತದೆಯಂತೆ. ನಿಮಿಷಕ್ಕೆ 900 ಮಿಲಿಲೀಟರ್, ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಮ್ಲಜನಕ. ಅಸಲಿ ಹೈಡ್ರೋಜನ್ ಎಂದು ತೋರಿಸಲು ನಳಿಕೆಯನ್ನು ಸೋಪಿನ ನೀರಿಗೆ ಬಿಟ್ಟು, ಎದ್ದ ಗುಳ್ಳೆಗಳಿಗೆ ಲೈಟರ್ ಹಿಡಿದರು. ಪಟ್ ಎಂದು ಸಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಂತರ ಅಮ್ಮನ ಬೆರಳಿಗೆ ರಕ್ತದ ಆಮ್ಲಜನಕವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವ ಆಕ್ಸಿಮೀಟರ್ ಹಾಕಿದರು, 91 ತೋರಿಸಿತು. ಅರ್ಧ ಗಂಟೆ ಅನಿಲ ಎಳೆದ ಮೇಲೆ 95. ಅಮ್ಮ ನನ್ನ ಕಡೆ ತಿರುಗಿ, ಎದೆ ಹಗುರವಾದ ಹಾಗಿದೆ ಕಣೋ ಎಂದರು. ಆ ಮಾತು ಅಂದಿನಿಂದ ನನ್ನ ಕಿವಿಯಲ್ಲೇ ಇದೆ.

ಜಪಾನ್ ಸರ್ಕಾರವೇ ಒಪ್ಪಿಗೆ ಕೊಟ್ಟಿದೆ, ಚೀನಾದಲ್ಲಿ ಕೊರೊನಾ ರೋಗಿಗಳಿಗೆ ಇದನ್ನೇ ಕೊಟ್ಟರು, ಮಧುಮೇಹ, ಕ್ಯಾನ್ಸರ್, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಎಲ್ಲಕ್ಕೂ ಆಗುತ್ತದೆ ಎಂದರು. ಮೂರು ತಿಂಗಳಾದ ಮೇಲೆ ಇಂಗ್ಲಿಷ್ ಔಷಧಿ ನಿಲ್ಲಿಸಬಹುದು ಎಂದೂ ಹೇಳಿದರು. ಬೆಲೆ 1 ಲಕ್ಷ 65 ಸಾವಿರ, ಭಾನುವಾರದವರೆಗೆ ಹತ್ತು ಸಾವಿರ ಕಡಿಮೆ. ನನ್ನ ಬಳಿ ಹಣ ಇದೆ. ಸೌದೆ ಒಲೆಗಳನ್ನು ತೆಗೆದು ಬಾಯ್ಲರ್ ಮತ್ತು ಹೊಗೆ ಕೊಳವೆ ಹಾಕಿಸಬೇಕೆಂದು ಎರಡು ವರ್ಷದಿಂದ ಕೂಡಿಟ್ಟದ್ದು. ಒಲೆ ಮುಂದಿನ ವರ್ಷವೂ ಆಗಬಹುದು, ಅಮ್ಮ ಮುಖ್ಯ ಎನ್ನಿಸುತ್ತಿದೆ.

ಇದರಲ್ಲಿ ನಿಜ ಎಷ್ಟು? ಬಳಸಿದವರು ಯಾರಾದರೂ ಇದ್ದೀರಾ? ಮನೆಯಲ್ಲಿ ಇಟ್ಟುಕೊಳ್ಳಲು ಅಪಾಯವೇನಾದರೂ ಇದೆಯೇ?

ಚಾಂಪಿಯನ್ ರೀಫ್ ಮನೆ

ನಾನು ಬಳಸಿದ್ದೇನೆ, ಅಂದರೆ ನನ್ನ ತಂದೆಗೆ ಕೊಡಿಸಿದ್ದೆ. ಅವರು ಕೆಜಿಎಫ್ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಕೆಲಸದಲ್ಲಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವರ ಎದೆಯೊಳಗೆ ಸೇರಿದ್ದ ಕಲ್ಲಿನ ದೂಳು ಮಾತ್ರ ಅಲ್ಲೇ ಉಳಿಯಿತು. ಸಿಲಿಕೋಸಿಸ್. ನಮ್ಮ ಬೀದಿಯಲ್ಲಿ ಈ ಹೆಸರನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರ ತಂದದ್ದು 2022ರಲ್ಲಿ. ದಿನಕ್ಕೆ ಎರಡು ಹೊತ್ತು, ಒಂದೊಂದು ಗಂಟೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅಪ್ಪನಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಸಂಜೆ ಯಂತ್ರದ ಪಕ್ಕದಲ್ಲಿ ನಾನೂ ಕುಳಿತುಕೊಳ್ಳುತ್ತಿದ್ದೆ, ಗಣಿಯ ಪಂಜರದಲ್ಲಿ ಇಳಿಯುವಾಗ ಕಿವಿ ಮುಚ್ಚಿಹೋಗುತ್ತಿದ್ದ ಕತೆ ಹೇಳುತ್ತಿದ್ದರು. ಆ ಒಂದು ಗಂಟೆಯಲ್ಲಿ ಅವರಿಗೆ ಸಮಾಧಾನ ಕೊಟ್ಟದ್ದು ಅನಿಲವೋ, ಮಗ ಪಕ್ಕದಲ್ಲಿ ಕುಳಿತದ್ದೋ, ಇಂದಿಗೂ ಬೇರ್ಪಡಿಸಿ ಹೇಳಲಾರೆ. ಆದರೆ ನಡಿಗೆ ಒಂದು ಮಾರೂ ಹೆಚ್ಚಲಿಲ್ಲ. ಎಂಟು ತಿಂಗಳ ನಂತರದ ಎಕ್ಸ್‌ರೇಯಲ್ಲೂ ಸುಧಾರಣೆ ಕಾಣಲಿಲ್ಲ.

ಒಂದು ದಿನ ಗುಳ್ಳೆ ಬರುವುದು ನಿಂತಿತು. ಯಂತ್ರಕ್ಕೆ ಡಿಸ್ಟಿಲ್ಡ್ ನೀರು ಮಾತ್ರ ಹಾಕಬೇಕಿತ್ತು, ನಾವು ಫಿಲ್ಟರ್ ನೀರು ಹಾಕಿದ್ದೆವು. ನಮ್ಮ ಕಡೆಯ ಕೊಳವೆಬಾವಿ ನೀರು ಎಂಥದ್ದೆಂದು ನಿಮಗೇ ಗೊತ್ತು, ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ. ಒಳಗಿನ ಪೊರೆ ಹೋಗಿದೆ, ಬದಲಾಯಿಸಲು 48 ಸಾವಿರ ಎಂದರು. ಮಾರಿದವನ ಫೋನ್ ಆಮೇಲೆ ಹತ್ತಲೇ ಇಲ್ಲ. ಯಂತ್ರ ಈಗಲೂ ಮಂಚದ ಕೆಳಗಿದೆ. ಅಪ್ಪ ಇದ್ದಾರೆ, ಆಮ್ಲಜನಕದ ಯಂತ್ರದ ಮೇಲೆ ಇದ್ದಾರೆ. ನನಗೆ ನೋವಾಗುವುದು ಹಣಕ್ಕಲ್ಲ. ಆ ಎಂಟು ತಿಂಗಳು ವೈದ್ಯರ ಬಳಿ ಹೋಗುವುದನ್ನು ನಾವು ಬಿಟ್ಟಿದ್ದೆವು. ಅಷ್ಟರಲ್ಲಿ ಅವರಿಗೆ ಕ್ಷಯ ಅಂಟಿತ್ತು. ಕೆಮ್ಮನ್ನು ಹಳೆಯ ಕೆಮ್ಮೆಂದೇ ತಿಳಿದೆವು.

ಚಿಂತಾಮಣಿಯ ರಸಾಯನ ಮೇಷ್ಟ್ರು

ರೀಲರ್ ಅವರೇ, ಪಿಯು ಕಾಲೇಜಿನಲ್ಲಿ 27 ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ್ದೇನೆ. ವೈದ್ಯನಲ್ಲ. ಆದರೆ ಹೈಡ್ರೋಜನ್ ನನಗೆ ಹಳೆಯ ಪರಿಚಯ. ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಆ ಸೋಪಿನ ಗುಳ್ಳೆ. ಮೊದಲು ಅದನ್ನೇ ಹೇಳುತ್ತೇನೆ.

ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಮ್ಲಜನಕ. ನೀರನ್ನು ಒಡೆದರೆ ಸಿಗುವ ಲೆಕ್ಕ ಇದು. ಮತ್ತೆ ಕೂಡಿ ನೀರಾಗಲು ಒಂದಿಷ್ಟೂ ಮಿಗದೆ ಸಾಲುವ ಲೆಕ್ಕವೂ ಇದೇ. ಅದಕ್ಕೇ ಈ ಮಿಶ್ರಣ ಇಷ್ಟು ಜೋರಾಗಿ ಸಿಡಿಯುವುದು. ಪ್ರಯೋಗಾಲಯದಲ್ಲಿ ಒಂದು ಪ್ರನಾಳದಷ್ಟು ಅನಿಲಕ್ಕೆ ಉರಿಯುವ ಕಡ್ಡಿ ತೋರಿಸುವಾಗಲೂ ಮಕ್ಕಳನ್ನು ಎರಡು ಹೆಜ್ಜೆ ಹಿಂದಕ್ಕೆ ನಿಲ್ಲಿಸುತ್ತಿದ್ದೆ. ನಿಮ್ಮ ಶಿಬಿರದಲ್ಲಿ ಲೈಟರ್ ಹಿಡಿದು ಸಿಡಿಸಿದ ಅದೇ ಅನಿಲವನ್ನೇ, ಅದೇ ನಳಿಕೆಯಲ್ಲಿ, ಅಮ್ಮನ ಮೂಗಿಗೆ ಬಿಟ್ಟಿದ್ದಾರೆ.

ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4ರಿಂದ 75ರವರೆಗೆ ಇದ್ದರೆ ಹೊತ್ತಿಕೊಳ್ಳುತ್ತದೆ. ನಿಮ್ಮ ಯಂತ್ರದ ಲೆಕ್ಕ ಹಾಕೋಣ. ಸುಮ್ಮನೆ ಕುಳಿತವರು ನಿಮಿಷಕ್ಕೆ ಸುಮಾರು ಏಳು ಲೀಟರ್ ಗಾಳಿ ಎಳೆಯುತ್ತಾರೆ. ಅದರಲ್ಲಿ 600 ಮಿಲಿ ಹೈಡ್ರೋಜನ್ ಬೆರೆತರೆ ಶೇಕಡಾ 8ಕ್ಕೂ ಮೇಲೆ. ನಳಿಕೆಯೊಳಗಂತೂ ಶೇಕಡಾ 66. ಹೊತ್ತಿಕೊಳ್ಳಲು ಬೇಕಾದ ಕಿಡಿ ಎಷ್ಟು ಸಣ್ಣದೆಂದರೆ, ಚಳಿಗಾಲದಲ್ಲಿ ಉಣ್ಣೆಯ ಶಾಲು ಹೊದ್ದು ಬಾಗಿಲ ಚಿಲಕ ಮುಟ್ಟಿದಾಗ ಬೆರಳಿಗೆ ಚುರುಕ್ ಎನ್ನುವ ಕಿಡಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹೈಡ್ರೋಜನ್ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅಡುಗೆ ಅನಿಲ ಸೋರಿದರೆ ವಾಸನೆಯಿಂದ ಗೊತ್ತಾಗುತ್ತದೆ, ಇದಕ್ಕೆ ವಾಸನೆಯಿಲ್ಲ.

ಇಡೀ ಮನೆ ಸಿಡಿಯುತ್ತದೆ ಎಂದು ಹೆದರಿಸುವುದಿಲ್ಲ. ಅದು ಸರಿಯಾದ ಲೆಕ್ಕವಲ್ಲ. ಗಂಟೆಗೆ 36 ಲೀಟರ್ ಹೈಡ್ರೋಜನ್ ಹೊರಬಂದರೂ, ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆ ಶೇಕಡಾ 4ಕ್ಕೆ ಬರಲು ಸಾವಿರದ ನೂರು ಲೀಟರ್‌ಗಿಂತ ಹೆಚ್ಚು ಬೇಕು. ಕಿಟಕಿ ತೆರೆದಿದ್ದರೆ ಹಗುರವಾದ ಈ ಅನಿಲ ಮೇಲೇರಿ ಹೋಗಿಬಿಡುತ್ತದೆ. ಅಪಾಯ ಇರುವುದು ನಳಿಕೆಯಲ್ಲಿ, ಮೂಗಿನ ಹತ್ತಿರ, ಹೊದಿಕೆಯ ಒಳಗೆ, ಯಂತ್ರದ ಪೆಟ್ಟಿಗೆಯಲ್ಲಿ. ನಿಮ್ಮ ಹಿತ್ತಿಲಿನಲ್ಲಿ ಆರು ಒಲೆ ಉರಿಯುತ್ತವೆ. ದೇವರ ಮನೆಯಲ್ಲಿ ದೀಪ ಇರುತ್ತದೆ. ಎಳೆ ತುಂಡಾದ ಸದ್ದಿಗೆ ಎದ್ದು ಹೋಗುವ ಅಮ್ಮ, ನಳಿಕೆ ಮೂಗಿನಲ್ಲೇ ಇರುವಾಗ ಎದ್ದರೆ?

ಈಗ ಪ್ರಯೋಜನದ ವಿಷಯ. ಇದು ಪೂರ್ತಿ ಕಟ್ಟುಕತೆಯಲ್ಲ. ಮಾರುವವರು ಸತ್ಯದ ಒಂದು ತುಂಡು ಹಿಡಿದೇ ಬರುತ್ತಾರೆ, ಆದ್ದರಿಂದ ಆ ತುಂಡು ಎಷ್ಟು ದೊಡ್ಡದೆಂದು ತಿಳಿದಿರಬೇಕು. 1975ರಲ್ಲಿ ಅಮೆರಿಕದ ಸಂಶೋಧಕರು ಚರ್ಮದ ಗಡ್ಡೆ ಇದ್ದ ಇಲಿಗಳನ್ನು ಎಂಟು ಪಟ್ಟು ವಾತಾವರಣದ ಒತ್ತಡದಲ್ಲಿ ಹೈಡ್ರೋಜನ್ ತುಂಬಿದ ಕೋಣೆಯಲ್ಲಿಟ್ಟು, ಗಡ್ಡೆ ಕುಗ್ಗಿದ್ದನ್ನು ಪ್ರಕಟಿಸಿದರು. ಕ್ಯಾನ್ಸರ್ ಮಾತಿನ ಬೇರು ಅಲ್ಲಿದೆ. ಆ ಒತ್ತಡವನ್ನು ಮನೆಯ ಯಂತ್ರ ಕೊಡಲಾರದು. ನಿಜವಾದ ಆಸಕ್ತಿ ಕೆರಳಿದ್ದು 2007ರಲ್ಲಿ. ಜಪಾನಿನ ನಿಪ್ಪಾನ್ ವೈದ್ಯಕೀಯ ಶಾಲೆಯ ಶಿಗೆಒ ಓಟಾ ತಂಡ, ಮಿದುಳಿಗೆ ರಕ್ತ ನಿಲ್ಲಿಸಿ ಮತ್ತೆ ಬಿಟ್ಟ ಇಲಿಗಳಿಗೆ ಕಡಿಮೆ ಪ್ರಮಾಣದ ಹೈಡ್ರೋಜನ್ ಉಸಿರಾಡಿಸಿತು. ಮಿದುಳಿನ ಹಾನಿ ಕಡಿಮೆಯಾಯಿತು. ರಕ್ತ ಮರಳಿ ನುಗ್ಗುವಾಗ ಜೀವಕೋಶಗಳಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ, ಸಿಕ್ಕಿದ್ದನ್ನೆಲ್ಲ ಕಚ್ಚುವ ಕಣ ಹುಟ್ಟುತ್ತದೆ. ಹೈಡ್ರೋಜನ್ ಅದನ್ನೇ ಆರಿಸಿ ನೀರಾಗಿಸುತ್ತದೆ, ದೇಹಕ್ಕೆ ಬೇಕಾದ ಇತರ ಕಣಗಳನ್ನು ಮುಟ್ಟುವುದಿಲ್ಲ ಎಂಬುದು ಅವರ ವಿವರಣೆ. ಸುಂದರವಾದ ವಿಚಾರ. ಓದಿದ ದಿನ ತರಗತಿಯಲ್ಲಿ ಪಠ್ಯ ಪಕ್ಕಕ್ಕಿಟ್ಟು ಇದನ್ನೇ ಹೇಳಿದ್ದೆ.

ಜಪಾನ್ ಸರ್ಕಾರದ ಒಪ್ಪಿಗೆ ಎಂದರಲ್ಲ, ಅದು 2016ರದು. ಹೃದಯ ನಿಂತು ಮತ್ತೆ ಮಿಡಿದ ರೋಗಿಗಳಲ್ಲಿ ಆಸ್ಪತ್ರೆಯೊಳಗೆ ಪರೀಕ್ಷಿಸಿ ನೋಡಲು ಕೊಟ್ಟ ಅನುಮತಿ. ಆ ಪರೀಕ್ಷೆ 15 ಆಸ್ಪತ್ರೆಗಳಲ್ಲಿ ನಡೆಯಿತು. ವೆಂಟಿಲೇಟರ್ ಮೂಲಕ ಶೇಕಡಾ 2ರಷ್ಟು ಹೈಡ್ರೋಜನ್, 18 ಗಂಟೆ. ಶೇಕಡಾ 2 ಎಂಬುದನ್ನು ಗಮನಿಸಿ, ಹೊತ್ತಿಕೊಳ್ಳುವ ಗಡಿಯ ಅರ್ಧ. ಕೊರೊನಾ ಬಂದದ್ದರಿಂದ 73 ರೋಗಿಗಳಿಗೇ ನಿಲ್ಲಿಸಬೇಕಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: 90 ದಿನಗಳ ನಂತರ ಬದುಕಿದ್ದವರು ಹೈಡ್ರೋಜನ್ ಗುಂಪಿನಲ್ಲಿ ಶೇಕಡಾ 85, ಇನ್ನೊಂದರಲ್ಲಿ 61. ಆದರೆ ಮೊದಲೇ ಗೊತ್ತುಮಾಡಿದ್ದ ಮುಖ್ಯ ಅಳತೆ, ಅಂದರೆ ಮಿದುಳು ಚೆನ್ನಾಗಿ ಉಳಿದವರ ಪ್ರಮಾಣ, 56 ಮತ್ತು 39. ಇಷ್ಟು ಕಡಿಮೆ ಜನರಲ್ಲಿ ಆ ಅಂತರ ಆಕಸ್ಮಿಕವೂ ಆಗಿರಬಹುದು. ಆಸೆ ಹುಟ್ಟಿಸುತ್ತದೆ, ಇನ್ನೂ ದೊಡ್ಡ ಪರೀಕ್ಷೆ ಬೇಕು. ಅದಿರಲಿ, ಹೃದಯ ನಿಂತವರ ಮಿದುಳಿಗೂ ನಲವತ್ತು ವರ್ಷ ಹೊಗೆ ಕುಡಿದ ಶ್ವಾಸನಾಳಕ್ಕೂ ನಂಟೇನು?

ಅಮ್ಮನ ಕಾಯಿಲೆಗೆ ಹತ್ತಿರದ ಪರೀಕ್ಷೆ ಚೀನಾದ್ದು, 2021ರಲ್ಲಿ ಪ್ರಕಟವಾಯಿತು. ಸಿಒಪಿಡಿ ಉಲ್ಬಣಿಸಿ ಆಸ್ಪತ್ರೆ ಸೇರಿದ 108 ಜನ. ಅರ್ಧ ಜನಕ್ಕೆ ಹೈಡ್ರೋಜನ್ ಮತ್ತು ಆಮ್ಲಜನಕ, ಅರ್ಧ ಜನಕ್ಕೆ ಬರಿಯ ಆಮ್ಲಜನಕ, ಏಳು ದಿನ. ಏದುಸಿರು, ಕೆಮ್ಮು, ಕಫ ಸೇರಿಸಿ ಹಾಕಿದ ಅಂಕ ಹೈಡ್ರೋಜನ್ ಗುಂಪಿನಲ್ಲಿ ಹೆಚ್ಚು ಇಳಿಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಶ್ವಾಸಕೋಶದ ಸಾಮರ್ಥ್ಯ, ರಕ್ತದ ಆಮ್ಲಜನಕ ಎರಡೂ ಗುಂಪಿನಲ್ಲಿ ಒಂದೇ ಆಗಿದ್ದವು. ಏಳು ದಿನದ ಫಲಿತಾಂಶ ಇಟ್ಟುಕೊಂಡು ಮೂರು ತಿಂಗಳಿಗೆ ಔಷಧಿ ನಿಲ್ಲಿಸಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಅವರೆಲ್ಲ ಮಾಮೂಲಿ ಔಷಧಿಗಳ ಜೊತೆಗೇ ಇದನ್ನು ಪಡೆದವರು. ಪಾರ್ಕಿನ್ಸನ್‌ಗೆ ಹೈಡ್ರೋಜನ್ ನೀರು ಕುಡಿಸಿದ ಸಣ್ಣ ಪರೀಕ್ಷೆಯೂ 2013ರಲ್ಲಿ ಹೀಗೆಯೇ ಭರವಸೆ ಹುಟ್ಟಿಸಿತ್ತು. ಅದೇ ತಂಡ 72 ವಾರ ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ.

ಅನಿಲ ವಿಷವೇ ಎಂದು ಕೇಳಿದರೆ, ಅಲ್ಲ. 1992ರಲ್ಲಿ ಫ್ರಾನ್ಸಿನ ಕೋಮೆಕ್ಸ್ ಸಂಸ್ಥೆಯ ಮುಳುಗುಗಾರರೊಬ್ಬರು ಹೈಡ್ರೋಜನ್ ಬೆರೆತ ಅನಿಲ ಉಸಿರಾಡುತ್ತ, ಒತ್ತಡದ ಕೋಣೆಯಲ್ಲಿ 701 ಮೀಟರ್ ಆಳಕ್ಕೆ ಸಮನಾದ ಒತ್ತಡ ತಡೆದುಕೊಂಡರು. ಅಷ್ಟು ದೂರ ಏಕೆ, ಸೊಗಡಿನ ಅವರೆಕಾಯಿ ಕಾಲದಲ್ಲಿ ಹಿತಕಬೇಳೆ ಸಾರು ಉಂಡ ಸಂಜೆ ನಮ್ಮೆಲ್ಲರ ಹೊಟ್ಟೆಯಲ್ಲಿ ಆಗುವುದೇನು? ಸಣ್ಣ ಕರುಳಿನಲ್ಲಿ ಅರಗದ ಸಕ್ಕರೆಗಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುಳಿಬರಿಸಿ ಹೈಡ್ರೋಜನ್ ಮಾಡುತ್ತವೆ. ಒಂದು ಪಾಲು ರಕ್ತಕ್ಕಿಳಿದು ಉಸಿರಿನಲ್ಲಿ ಹೊರಗೆ ಬರುತ್ತದೆ. ಹಾಲು ಒಗ್ಗದವರನ್ನು ಗುರುತಿಸಲು ವೈದ್ಯರು ಉಸಿರಿನಲ್ಲಿ ಅಳೆಯುವುದು ಈ ಹೈಡ್ರೋಜನ್ನನ್ನೇ.

ಇನ್ನು 91 ಹೋಗಿ 95 ಆದದ್ದು. ಯಂತ್ರ ನಿಮಿಷಕ್ಕೆ 300 ಮಿಲಿ ಆಮ್ಲಜನಕವನ್ನೂ ಕೊಡುತ್ತಿತ್ತು. ಎಳೆಯುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21 ಇದ್ದದ್ದು 22 ದಾಟಿದರೂ, 91ರ ಆಸುಪಾಸಿನಲ್ಲಿರುವವರಿಗೆ ಒಂದೆರಡು ಅಂಕ ಏರುತ್ತದೆ. ಜೊತೆಗೆ ಅರ್ಧ ಗಂಟೆ ಕದಲದೆ ಕುಳಿತಿದ್ದಾರೆ, ಹೊಗೆಯಿಂದ ದೂರ. ಆ ಅರ್ಧ ಗಂಟೆ ಎದೆ ಹಗುರವಾದದ್ದು ನಿಜವೇ. ಅದರ ಶ್ರೇಯಸ್ಸನ್ನು ಹೈಡ್ರೋಜನ್‌ಗೆ ಕೊಡಲು ಆಧಾರ ಸಾಲದು.

ಒಲೆಯ ಹಣ ಮುಟ್ಟಬೇಡಿ. ಇದನ್ನು ನಿಮ್ಮ ಮನೆಗೆ ಬಂದು ಕೈಹಿಡಿದು ಹೇಳಬೇಕೆನ್ನಿಸುತ್ತಿದೆ.

ತುಮಕೂರು ಸಿಸ್ಟರ್

ಮೇಷ್ಟ್ರು ಹೇಳಬೇಕಾದದ್ದನ್ನು ಹೇಳಿದ್ದಾರೆ. ನಾನು ಎದೆರೋಗದ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ನನ್ನ ಕಣ್ಣು ಬೇರೊಂದು ಸಾಲಿನ ಮೇಲೆ ನಿಂತಿದೆ. ಅಮ್ಮ ಕ್ಯಾಪ್ಸೂಲನ್ನು "ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳುತ್ತಾರೆ" ಎಂದು ಬರೆದಿದ್ದೀರಿ. ಹೇಗೆ ತೆಗೆದುಕೊಳ್ಳುತ್ತಾರೆ? ಸಿಒಪಿಡಿಗೆ ಕೊಡುವ ಕ್ಯಾಪ್ಸೂಲ್ ಸಾಮಾನ್ಯವಾಗಿ ನುಂಗುವುದಕ್ಕಲ್ಲ. ಅದನ್ನು ಒಂದು ಸಣ್ಣ ಪ್ಲಾಸ್ಟಿಕ್ ಉಪಕರಣದೊಳಗೆ ಇಟ್ಟು, ತಿರುಗಿಸಿ ಒಡೆದು, ಪುಡಿಯನ್ನು ಬಾಯಿಂದ ಜೋರಾಗಿ ಎಳೆಯಬೇಕು. ಇವತ್ತು ರಾತ್ರಿ ಏನೂ ಹೇಳದೆ ಪಕ್ಕದಲ್ಲಿ ಕುಳಿತು ನೋಡಿ. ನನ್ನ ಊಹೆ ತಪ್ಪಾಗಿದ್ದರೆ ಕ್ಷಮಿಸಿ.

ಎರಡನೆಯದು, ಎಕ್ಸ್‌ರೇ ಒಂದರಿಂದ ಸಿಒಪಿಡಿ ಖಚಿತವಾಗುವುದಿಲ್ಲ. ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆ ಮಾಡಿಸಿ. ರೇಷ್ಮೆ ಗೂಡಿನ ದೂಳಿಗೆ, ಹುಳುವಿನ ಪ್ರೋಟೀನಿಗೆ ಅಸ್ತಮಾ ಬರುವುದುಂಟು. ಅಸ್ತಮಾ ಆಗಿದ್ದರೆ ಔಷಧಿಯ ದಾರಿಯೇ ಬೇರೆ. ರಾತ್ರಿ ಎರಡು ಗಂಟೆಯ ಕೆಮ್ಮು ಎಂದಿರಲ್ಲ, ಅದನ್ನು ವೈದ್ಯರಿಗೆ ಅದೇ ಮಾತಿನಲ್ಲಿ ಹೇಳಿ. ಚಾಂಪಿಯನ್ ರೀಫ್ ಅವರ ಅನುಭವ ಓದಿದ ಮೇಲೆ, ಕಫ ಪರೀಕ್ಷೆಯನ್ನೂ ಮರೆಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ.

ಆಕ್ಸಿಮೀಟರನ್ನು ನೀರಿನಿಂದ ಈಗ ತಾನೇ ತೆಗೆದ, ತಣ್ಣಗಾದ ಬೆರಳಿಗೆ ಹಾಕಬೇಡಿ, ಸುಳ್ಳು ಹೇಳುತ್ತದೆ. ಕೈ ಒರೆಸಿ, ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಕುಳಿತ ಮೇಲೆ ಎಡಗೈಗೆ ಹಾಕಿ. ವಿಶ್ರಾಂತಿಯಲ್ಲೂ 88 ಅಥವಾ ಅದಕ್ಕಿಂತ ಕೆಳಗೇ ನಿಲ್ಲುತ್ತಿದ್ದರೆ, ವೈದ್ಯರು ಮನೆಯಲ್ಲೇ ದಿನಕ್ಕೆ 15 ಗಂಟೆಗೂ ಹೆಚ್ಚು ಆಮ್ಲಜನಕ ಬರೆಯುವ ಬಗ್ಗೆ ಯೋಚಿಸುತ್ತಾರೆ. ಆ ಆಮ್ಲಜನಕದಿಂದ ಆಯುಸ್ಸು ಹೆಚ್ಚುತ್ತದೆಂದು ನಲವತ್ತು ವರ್ಷದ ಹಿಂದೆಯೇ ತೋರಿಸಿದ್ದಾರೆ. 91 ಇರುವವರಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ.

ಏದುಸಿರು ಬಂದಾಗ ಅಮ್ಮನಿಗೆ ಹೀಗೆ ಹೇಳಿಕೊಡಿ. ಮೂಗಿನಿಂದ ಎಳೆದುಕೊಂಡು, ತುಟಿಯನ್ನು ಸೀಟಿ ಹಾಕುವ ಹಾಗೆ ಕಿರಿದು ಮಾಡಿ, ಎಳೆದ ಹೊತ್ತಿನ ಎರಡರಷ್ಟು ಹೊತ್ತು ಮೆಲ್ಲಗೆ ಬಿಡಬೇಕು. ಎದುರಿಗೆ ದೀಪ ಇದೆ, ಜ್ವಾಲೆ ಬಾಗಬೇಕು, ಆರಬಾರದು ಎಂದುಕೊಳ್ಳಲಿ. ನಮ್ಮ ವಾರ್ಡಿನಲ್ಲಿ ಕೈ ನಡುಗುತ್ತ ಬಂದ ಎಷ್ಟೋ ತಾಯಂದಿರು ಇದೊಂದರಿಂದಲೇ ಭಯ ಕಳೆದುಕೊಂಡಿದ್ದಾರೆ.

ಶಿಡ್ಲಘಟ್ಟದ ರೀಲರ್

ಸಿಸ್ಟರ್, ನಿಮ್ಮ ಊಹೆ ನಿಜ.

ನೀವು ಹೇಳಿದ ಹಾಗೆ ರಾತ್ರಿ ಪಕ್ಕದಲ್ಲಿ ಕುಳಿತೆ. ಅಮ್ಮ ಡಬ್ಬಿಯಿಂದ ಕ್ಯಾಪ್ಸೂಲ್ ತೆಗೆದು, ನಾಲಿಗೆಯ ಮೇಲಿಟ್ಟು, ಒಂದು ಲೋಟ ನೀರು ಕುಡಿದರು. ಎಳೆಯುವ ಉಪಕರಣ ಎಲ್ಲಿ ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ಹಾಸಿಗೆಯ ತಲೆದೆಸೆಯ ಟ್ರಂಕಿನಿಂದ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದುಕೊಟ್ಟರು. ಎರಡು ಹೋಳು. ಕಳೆದ ಯುಗಾದಿಗೂ ಮೊದಲು ಬೇಸಿನ್ ಕಟ್ಟೆಯಿಂದ ಬಿದ್ದು ಸೀಳಿತ್ತಂತೆ. ಗೂಡಿನ ಬೆಲೆ ಏರಿ ನಾನು ಸಾಲದಲ್ಲಿದ್ದ ದಿನಗಳು ಅವು. ಮತ್ತೆ ಖರ್ಚು ಏಕೆ, ಹೊಟ್ಟೆಗೆ ಹೋದರೂ ಅದೇ ಔಷಧಿ ತಾನೇ ಎಂದು ನುಂಗುತ್ತ ಬಂದಿದ್ದಾರೆ. ಹೊಸದನ್ನು ಇಂದು ಬೆಳಿಗ್ಗೆ ಔಷಧಿ ಅಂಗಡಿಯಿಂದ ತಂದೆ. ಒಂದು ಕಿಲೋ ಗೂಡಿನ ಬೆಲೆಯೂ ಆಗಲಿಲ್ಲ. ಅಂಗಡಿಯ ಮುಂದೆ ನಿಂತು ಕಣ್ಣು ಒರೆಸಿಕೊಂಡೆ.

ಯಂತ್ರದವರಿಗೆ ಬೇಡ ಎಂದು ಹೇಳಿದ್ದೇನೆ. ಇನ್ನೂ ಐದು ಸಾವಿರ ಕಡಿಮೆ ಮಾಡುತ್ತೇವೆ ಎಂದರು. ಶೇಕಡಾ 4ರ ಲೆಕ್ಕ ಕೇಳಿದೆ, ಮೇಲಿನವರಿಂದ ಫೋನ್ ಮಾಡಿಸುತ್ತೇವೆ ಎಂದು ಇಟ್ಟರು.

ಮೇಷ್ಟ್ರೇ, ಹೊಗೆ ಕೊಳವೆಯ ಕೆಲಸದವನು ನಾಳೆ ಅಳತೆಗೆ ಬರುತ್ತಾನೆ. ನೀವು ನಿಜವಾಗಿಯೂ ಮನೆಗೆ ಬನ್ನಿ. ಚಿಂತಾಮಣಿಯಿಂದ ಎಷ್ಟು ದೂರ!

ಗುರುವಾರ ಚಿಕ್ಕಬಳ್ಳಾಪುರಕ್ಕೆ ಊದುವ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಂದು ಬೆಳಿಗ್ಗೆ ಔಷಧಿ ಎಳೆಯಬಹುದೇ, ಬೇಡವೇ?

ತುಮಕೂರು ಸಿಸ್ಟರ್

ಪರೀಕ್ಷೆಗೆ ಮುಂಚೆ ಕೆಲವು ಔಷಧಿಗಳನ್ನು ಇಷ್ಟು ಗಂಟೆ ನಿಲ್ಲಿಸಿ ಎನ್ನುತ್ತಾರೆ, ಯಾವುದನ್ನು ಎಷ್ಟು ಹೊತ್ತು ಎಂದು ಬುಧವಾರವೇ ಅಲ್ಲಿಗೆ ಫೋನ್ ಮಾಡಿ ಕೇಳಿ. ನಡುವೆ ದಮ್ಮು ಹೆಚ್ಚಾದರೆ ಔಷಧಿ ತಡೆಯಬೇಡಿ, ಎಳೆದ ಸಮಯವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೊಟ್ಟೆ ತುಂಬ ಉಣ್ಣಿಸಬೇಡಿ, ಬಿಗಿಯಾದ ರವಿಕೆ ಬೇಡ. ಆ ಎರಡು ಹೋಳುಗಳನ್ನೂ ವೈದ್ಯರಿಗೆ ತೋರಿಸಿ. ಎಷ್ಟು ತಿಂಗಳು ಔಷಧಿ ಎದೆಗೆ ಹೋಗಿಲ್ಲ ಎಂಬುದು ಅವರಿಗೆ ಗೊತ್ತಾಗಬೇಕು. ಪುಡಿ ಎಳೆದ ಮೇಲೆ ಅಮ್ಮ ಹತ್ತು ಎಣಿಸುವವರೆಗೆ ಉಸಿರು ಹಿಡಿದಿಟ್ಟು, ಆಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ.